ಕುಂಕುಮದ ಸುತ್ತ ಬಳಿದ ಬಣ್ಣ

ಸೊರಬ, ಶುಕ್ರವಾರ

ಮಧುಸೂದನಣ್ಣನಿಗೆ,

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ಶಿಕಾರಿಪುರದ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅತ್ತಿಗೆಯ ಎದುರಿಗೇ ಓದು.

ಆಯುಧಪೂಜೆಯ ಮರುದಿನ ನನ್ನ ಕಾರು ಒಯ್ದವನು ವಾಪಸ್ ತಂದು ನಿಲ್ಲಿಸುವಾಗ ನೀನು ಏನೆಂದೆ? "ಜಲ್ಲಿ ಸಿಡಿದು ಅಲ್ಲಲ್ಲಿ ಬಣ್ಣ ಹಾರಿತ್ತು, ಮನೇಲೇ ಟಚಪ್ ಮಾಡಿದೀನಿ ಬಿಡೇ." ನಾನು ದಡ್ಡಿ, ಥ್ಯಾಂಕ್ಸ್ ಬೇರೆ ಹೇಳಿದೆ.

ಇವತ್ತು ಕಾರು ತೊಳೆಯುವಾಗ ಬಾನೆಟ್ಟಿನ ಎಡ ಅಂಚಿನಲ್ಲಿ ನಿನ್ನ ಬಿಳಿ ಬಣ್ಣ ಹಾಲಿನ ಕೆನೆಯಂತೆ ಬಟ್ಟೆಗೆ ಎದ್ದು ಬಂತು. ನಾನು ಎಣ್ಣೆಯಲ್ಲಿ ಕಲಸಿ ಇಟ್ಟಿದ್ದ ಕುಂಕುಮದ ಬೊಟ್ಟು ಅಳಿಸೀತೆಂದು, ಸುತ್ತ ಹರಡಿದ ಎಣ್ಣೆಯನ್ನೂ ಒರೆಸದೆ ಬಳಿದಿದ್ದೀಯ. ಎಣ್ಣೆಯ ಮೇಲೆ ಬಣ್ಣ ನಿಲ್ಲುತ್ತದೆಯೇ? ಅದರಡಿ ಉದ್ದಕ್ಕೆ ತರಚಿದ ಗಾಯ, ಗಾಯದ ತುಂಬ ನೀಲಿ. ಯಾವ ಜಲ್ಲಿ ನೀಲಿ ಇರುತ್ತದೆ?

ತಾಳಗುಂದದ ಹೂವಿನ ನಾಗೇಶನ ಸ್ಕೂಟರ್ ನೀಲಿ. ನೀನು ಕಾರು ಒಯ್ದ ದಿನವೇ ಬಿಳಿ ಕಾರೊಂದು ಅವನಿಗೆ ಗುದ್ದಿ ನಿಲ್ಲದೆ ಹೋಯಿತಂತೆ. ಕಾಲು ಮುರಿದು ಮಲಗಿದ್ದಾನೆ. ಅವನ ಹೆಂಡತಿ ನನ್ನೆದುರೇ ಅತ್ತಳು. ನಾನು ಆ ಕಾರಿನವನಿಗೆ ಬಾಯಿತುಂಬ ಶಾಪ ಹಾಕಿದೆ.

ನೀನು ಕುಂಕುಮ ಅಳಿಸಲು ಹೆದರಿದೆ. ಬಿದ್ದವನನ್ನು ಬಿಟ್ಟು ಬರಲು ಹೆದರಲಿಲ್ಲ, ಅಲ್ಲವೇ?

ಮತ್ತೆ ಬಣ್ಣದ ಬಾಟಲಿ ಹಿಡಿದುಕೊಂಡು ಬರಬೇಡ. ನಾಳೆ ಮೊದಲ ಬಸ್ಸಿಗೆ ಬಾ. ಇದೇ ಕಾರಿನಲ್ಲಿ ನಾಗೇಶನ ಮನೆಗೆ, ಅಲ್ಲಿಂದ ಠಾಣೆಗೆ ಹೋಗೋಣ. ನೀನು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ.

ಪೂಜೆಯ ಚೆಂಡುಹೂವಿನ ಮಾಲೆ ಇನ್ನೂ ಕಾರಿನ ಮುಂದೆಯೇ ಒಣಗುತ್ತಿದೆ. ಅದನ್ನು ಕಟ್ಟಿಕೊಟ್ಟವನು ನಾಗೇಶ. ನೀನೇ ಬಂದು ಬಿಚ್ಚು.

ನಿನ್ನ ತಂಗಿ,
ಅರ್ಚಿತಾ