ಗೆರೆಯ ಅಂಚನ್ನು ಒರೆಸದವರಿಗೆ

ಎರಡು ಗ್ಯಾಲಕ್ಸಿಗಳು ಕೂಡಿದ ಮೇಲಿನ ಒಂಬತ್ತನೆಯ ಯುಗ, ಬಲೆ ಎಳೆಯುವ ದಿನ

ವನಮಾಲಾ ಅಜ್ಜಿಯವರಿಗೆ ತೇಲುಕೇರಿಯ ನೀಲವ್ವ ಮಾಡುವ ನಮಸ್ಕಾರಗಳು.

ಕಾಲದಲ್ಲಿ ಹಿಂದಕ್ಕೆ ಹೋಗಿ ಈ ಕಾಗದ ಮುಟ್ಟುವಾಗ ನಿಮಗಿನ್ನೂ ಇಪ್ಪತ್ತೇಳು, ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ನಮ್ಮ ನಡುವೆ ಆರುನೂರು ಕೋಟಿ ವರ್ಷಗಳಿರುವಾಗ ಅಕ್ಕ ಎನ್ನಲು ಬಾಯಿ ಬರಲಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಆಕಾಶಗಂಗೆಯೂ ಪಕ್ಕದ ಆಂಡ್ರೊಮಿಡಾವೂ ಬೆರೆತು ಒಂದಾಗಿವೆ. ಆ ಕಲಸಾಟದಲ್ಲಿ ಅನಿಲವೆಲ್ಲ ನಡುವಿಗೆ ಇಳಿದು, ಮಲಗಿದ್ದ ಕಪ್ಪುಕುಳಿಗೆ ಉಣ್ಣಲು ಸಿಕ್ಕಿತು. ಅದು ಉಂಡಷ್ಟೂ ಸುತ್ತಲಿನ ಅನಿಲವನ್ನು ಹೊರಕ್ಕೆ ತಳ್ಳುತ್ತದೆ. ಆ ರಭಸವನ್ನು ನಾವು ‘ಹೊರಗಾಳಿ’ ಎನ್ನುತ್ತೇವೆ. ನಮ್ಮ ಕೇರಿ ಅನಿಲಮೋಡದೊಳಗೆ ತೇಲುತ್ತದೆ. ಬೆಳಿಗ್ಗೆ ಎದ್ದು ಮೋಡಕ್ಕೆ ಬಲೆ ಹಾಕಿ ಎಳೆದರೆ ಅಂದಿನ ದೀಪಕ್ಕೆ, ಕುಡಿಯುವ ನೀರಿಗೆ, ಸಾರು ಕುದಿಸುವ ಕಾವಿಗೆ ಸಾಕಾಗುವಷ್ಟು ಹೈಡ್ರೋಜನ್ನೂ ಆಮ್ಲಜನಕವೂ ಸಿಗುತ್ತವೆ. ಇಂಥ ಸುಖ ಬಿಟ್ಟು ಹೊರಡಿ ಎಂದರೆ ಯಾರು ಕೇಳುತ್ತಾರೆ?

ಮೋಡದ ಬೆಳಕನ್ನು ಬಿಡಿಸಿ, ಗೆರೆಯಾಗಿ ಬರೆದು ಓದುವುದು ನನ್ನ ಕೆಲಸ. ಹನ್ನೆರಡು ವರ್ಷಗಳ ಹಿಂದೊಂದು ದಿನ ಗೆರೆಯ ನಡುಭಾಗ ಎಂದಿನಂತೆಯೇ ಇತ್ತು. ನೀಲಿ ಬದಿಯ ಅಂಚಿನಲ್ಲಿ ಮಾತ್ರ ಸಣ್ಣ ಇಳಿಜಾರು. ಕೇರಿಯ ಹಿರಿಯ ದುಗ್ಗಪ್ಪನವರು, “ಮೋಡ ತನ್ನ ಪಾಡಿಗೆ ತಾ ತಿರಗಾಕತ್ತೈತಿ, ನಿನಗ್ಯಾಕ ಅಂಜಿಕಿ ತಂಗಿ?” ಎಂದರು. ದೂರದ ಬೆಟ್ಟ ನುಣ್ಣಗೆ. ಆದರೆ ಮೊದಲು ಅಂಚು ನೋಡಿ ಆಮೇಲೆ ನಡು ನೋಡಬೇಕೆಂಬುದು ನಮ್ಮ ಪದ್ಧತಿ, ಅದು ಬಂದದ್ದು ಗ್ಯಾಲಕ್ಸಿಗಳ ಬೆಳಕಿನ ಬಗ್ಗೆ ನೀವು ಬರೆದ ಸಂಶೋಧನಾ ಪ್ರಬಂಧದಿಂದ. ನಮ್ಮತ್ತ ಬರುವುದರ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ, ಹಾಗಾಗಿ ಆ ಇಳಿಜಾರೆಂದರೆ ಸೆಕೆಂಡಿಗೆ ಸಾವಿರ ಕಿಲೋಮೀಟರಿನಂತೆ ನಮ್ಮತ್ತ ನುಗ್ಗುತ್ತಿರುವ ಅನಿಲ. ನಾನಾಗ ಬಸುರಿ. ಹಠ ಹಿಡಿದೆ, ಕಣ್ಣೀರಿಟ್ಟೆ, ಕೊನೆಗೆ ಹಿರಿಯರೆನ್ನದೆ ಬೈದೆ. ಕೇರಿ ಬೇರೊಂದು ಮೋಡಕ್ಕೆ ಹೊರಟಿತು. ಮರುವರ್ಷ ಹೊರಗಾಳಿ ಬಂದು ಹಳೆಯ ಮೋಡವನ್ನು ಹರಿದು ಹಾಕಿತು. ಅಲ್ಲಿ ಯಾರೂ ಇರಲಿಲ್ಲ. ಮಗಳು ತುಂಗೆಗೆ ಈಗ ಹನ್ನೊಂದು, ಬಲೆ ಎಳೆಯಲು ಮಹಾ ಸೋಮಾರಿ. ದುಗ್ಗಪ್ಪನವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ, ನನಗೇ ನಾಚಿಕೆಯಾಗುತ್ತದೆ.

ಅಜ್ಜಿ, ಈ ಮಗಳನ್ನು ನನಗೆ ಕೊಟ್ಟವರು ನೀವು. ಎಷ್ಟು ಕೈಮುಗಿದರೂ ನನಗೆ ತೃಪ್ತಿಯಿಲ್ಲ.

ಆದರೆ ಈ ಕಾಗದ ಮುಟ್ಟುವ ಮಧ್ಯಾಹ್ನ ನಿಮ್ಮ ಪ್ರಬಂಧವಿನ್ನೂ ಮುಗಿದಿಲ್ಲ. ಅಂಥದ್ದೇ ಇಳಿಜಾರು ನಿಮ್ಮ ಮುಂದಿನ ಗೆರೆಯಲ್ಲೂ ಇದೆ. ಉಪಕರಣದ ದೋಷವಿರಬೇಕು, ಒರೆಸಿ ಗೆರೆ ನೇರ ಮಾಡಿ ಎಂದು ನಿಮ್ಮ ಗೈಡ್ ಹೇಳಿದ್ದಾರೆ. ಅವರು ಒಳ್ಳೆಯವರೇ, ಈ ಒಂದು ಮಾತು ಮಾತ್ರ ಕೇಳಬೇಡಿ. ಆ ಅಂಚು ಅಳಿಸಿದರೆ ನಮ್ಮ ಪದ್ಧತಿಯೂ ಇಲ್ಲ, ತುಂಗೆಯೂ ಇಲ್ಲ.

ತುಂಗೆ ಪಕ್ಕಕ್ಕೆ ಬಂದು, “ಯಾರಿಗವ್ವ ಕಾಗದ?” ಎಂದು ಕೇಳಿದಳು. ನಿನ್ನನ್ನು ಉಳಿಸಿದವರಿಗೆ ಎಂದೆ. ನಿನ್ನನ್ನು ಇನ್ನು ಮೇಲಷ್ಟೇ ಉಳಿಸಬೇಕಾದವರಿಗೆ ಎನ್ನಲು ನನಗೆ ಧೈರ್ಯ ಬರಲಿಲ್ಲ.