ಕೊರ್ತಾಮೋಸ್‌ವರೆಗೆ

ಮಾರ್ಚ್ 4, ಬೆಳಿಗ್ಗೆ

ನಾಲ್ಕು ಅಂಗಿ ಕತ್ತರಿಸಿದೆ. ಅಳತೆ ತೆಗೆದವಳು ಅಮ್ಮ. ಅಕ್ಕ ತೀರಿಹೋಗಿ ಇಪ್ಪತ್ತು ದಿನ. ಅಂಗಡಿಯ ಪದ್ಧತಿ ಮಾತ್ರ ಹಾಗೇ ಇದೆ — ಮುಂದೆ ಅಳತೆ ಹಿಡಿದವರು ರೆಕಾರ್ಡರಿಗೆ ಹೇಳಬೇಕು, ಹಿಂದಿನ ಕೋಣೆಯಲ್ಲಿ ನಾನು ಕೇಳಿಸಿಕೊಂಡು ಕತ್ತರಿಸಬೇಕು. ಕತ್ತರಿಸಿದ ಮೇಲೆ ಕ್ಯಾಸೆಟ್ ಹಿಂದಕ್ಕೆ ಸುತ್ತಿ ಎಡಗಡೆಯ ಡಬ್ಬಿಗೆ. ಅದರ ಮೇಲೇ ಮತ್ತೆ ಹೊಸ ಅಳತೆ.

ಹಾಗಾಗಿ ಅಕ್ಕನ ದನಿ ಉಳಿದಿರುವುದು ಒಂದರಲ್ಲೇ. ಪೋಸ್ಟ್‌ಮಾಸ್ಟರ್ ಕೋಟಿನ ಅಳತೆಯ ಕ್ಯಾಸೆಟ್. ಆ ಕೋಟು ಇನ್ನೂ ಕತ್ತರಿಸಿಲ್ಲ.

ಮಾರ್ಚ್ 5

ಮತ್ತೆ ಹಾಕಿದೆ. "ಹೊಟ್ಟೆ ನಲವತ್ತು... ಉಸಿರು ಬಿಡಿ ಸಾರ್, ಒಳಗೆ ಎಳ್ಕೋಬೇಡಿ... ನಲವತ್ಮೂರು." ಪೋಸ್ಟ್‌ಮಾಸ್ಟರ್ ನಗುತ್ತಾರೆ. ಬಾಗಿಲ ಸದ್ದು. ಆಮೇಲೆ ಅಕ್ಕ ಒಬ್ಬಳೇ, ಸಂಜೆ ಕ್ಲಾಸಿನ ಸ್ಪ್ಯಾನಿಷ್ ಪಾಠ. 'ಕತ್ತರಿಸು' ಎಂಬ ಕ್ರಿಯಾಪದ, ಭೂತಕಾಲ. ಕೊರ್ತೆ — ನಾನು ಕತ್ತರಿಸಿದೆ. ಕೊರ್ತಾಸ್ತೆ — ನೀನು. ಕೊರ್ತೋ — ಅವಳು. ಕೊರ್ತಾಮೋಸ್ — ನಾವು. ಅಷ್ಟರಲ್ಲಿ ಒಳಗಿನಿಂದ ನನ್ನದೇ ಕೂಗು: "ಸಾಕು ಮಾರಾಯ್ತಿ ನಿನ್ನ ಜಪ! ಕ್ಯಾಸೆಟ್ ಕೊಡು!"

ಟಕ್.

ಅವತ್ತು ಸಂಜೆಯೇ ಅವಳಿಗೆ ಜ್ವರ ಬಂದದ್ದು.

ಮಾರ್ಚ್ 9, ಸಂಜೆ

ಅಕ್ಕನ ಪುಸ್ತಕ ವಾಪಸ್ ಕೊಡಲು ಕ್ಲಾಸಿಗೆ ಹೋದೆ. ಟೀಚರ್ ಕುರ್ಚಿ ತೋರಿಸಿದರು. ಅದೇ ಪಾಠ ನಡೆಯುತ್ತಿತ್ತು. ಬಾಯಿ ತಾನಾಗಿ ಹೇಳಿತು, ನಾಲ್ಕನ್ನೂ.

"ಅರೆ! ಮುಂದೆ?"

"ಅಷ್ಟೇ ಮೇಡಂ."

"ಇನ್ನೂ ಎರಡಿದೆಯಲ್ಲಪ್ಪಾ. ನೀವೆಲ್ಲ, ಅವರೆಲ್ಲ."

ಬೋರ್ಡಿನ ಮೇಲೆ ಬರೆದರು. ಕೊರ್ತಾಸ್ತೇಯ್ಸ್. ಕೊರ್ತಾರೋನ್. ಪದದ ಬುಡ ಅಲುಗುವುದಿಲ್ಲವಂತೆ, ಬಾಲ ಮಾತ್ರ ಬದಲು. ಆ ಎರಡನ್ನು ಅಕ್ಕನ ದನಿಯಲ್ಲಿ ಕೇಳಲು ಕಿವಿ ತಡಕಾಡಿತು. ಬರಲಿಲ್ಲ.

ಮಾರ್ಚ್ 10

ಕತ್ತರಿ ಓಡುವಾಗ ಬೆನ್ನ ಹಿಂದೆ ಯಾರೋ ಮೆಲ್ಲಗೆ ಹೇಳಿಕೊಂಡ ಹಾಗೆ. ಕೊರ್ತೆ... ಕೊರ್ತಾಸ್ತೆ... ಕತ್ತರಿ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ರೆಕಾರ್ಡರ್ ತೆರೆದು ನೋಡಿದೆ. ಒಳಗೆ ಕ್ಯಾಸೆಟ್ಟೇ ಇರಲಿಲ್ಲ.

ಮಾರ್ಚ್ 16

ಪೋಸ್ಟ್‌ಮಾಸ್ಟರ್ ಬಂದಿದ್ದರು. "ಏನಯ್ಯಾ, ಆ ಕೋಟು ನನ್ನ ಹೆಣಕ್ಕೆ ಹೊದಿಸೋಕಾ?" ಅಂದು, ಅಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಅವರು ಹೋದ ಮೇಲೆ ಅಮ್ಮ: "ಕತ್ತರಿಸಿ ಕೊಡೋ. ಅವಳು ಒಪ್ಕೊಂಡ ಕೆಲಸ. ಅರ್ಧಕ್ಕೆ ನಿಲ್ಲಿಸಬಾರ್ದು."

ಕ್ಯಾಸೆಟ್ ವಿಷಯ ಅಮ್ಮನಿಗೆ ಹೇಳಿಲ್ಲ. ಆ ದನಿ ಕೇಳಿದರೆ ತಡೆದುಕೊಳ್ಳಲಾರಳು ಅಂತ.

ಮಾರ್ಚ್ 17

ಕೋಟು ಕತ್ತರಿಸಿದೆ. ಅಕ್ಕ ಹೇಳಿದಂತೆ, ಹೇಳಿದಷ್ಟೇ. ಒಂದು ನೂಲೂ ಹೆಚ್ಚುಕಡಿಮೆ ಇಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮಾರ್ಚ್ 19, ಬೆಳಿಗ್ಗೆ 11

ಕ್ಯಾಸೆಟ್ ಇಲ್ಲ. ಮೇಜಿನ ಖಾನೆ, ಬೀರು, ಬಟ್ಟೆ ಚೂರುಗಳ ಚೀಲ — ಎಲ್ಲೂ ಇಲ್ಲ.

ಸಿಕ್ಕಿತು. ಅಮ್ಮ ಈಗಷ್ಟೇ ಅಳತೆ ತುಂಬಿ ಒಳಗೆ ಕಳಿಸಿದ್ದು ಅದೇ. ಕ್ಯಾಸೆಟ್ಟಿನ ಬೆನ್ನಿಗೆ ಗುರುತಿಗೆಂದು ಅಂಟಿಸಿದ್ದ ಕೋಟಿನ ನೀಲಿ ಬಟ್ಟೆಯ ಚೂರು ಹಾಗೇ ಇದೆ.

ಅಮ್ಮನದೇನೂ ತಪ್ಪಿಲ್ಲ. ಮೊನ್ನೆ ಕೋಟು ಕತ್ತರಿಸಿ, ಹಿಂದಕ್ಕೆ ಸುತ್ತಿ, ಎಡಗಡೆಯ ಡಬ್ಬಿಗೆ ಹಾಕಿದವನು ನಾನೇ. ಹನ್ನೆರಡು ವರ್ಷದ ರೂಢಿ. ಕೈ ನನ್ನನ್ನು ಕೇಳಲೇ ಇಲ್ಲ.

"ದನಿ ಸರಿಯಾಗಿ ಬಂದಿದ್ಯೇನೋ?" ಮುಂದಿನಿಂದ ಅಮ್ಮ. "ಆ ಗುಂಡಿ ಒತ್ತೋದು ನಂಗಿನ್ನೂ ಕೈಗೆ ಹತ್ತಿಲ್ಲ."

"ಬಂದಿದೆ ಅಮ್ಮ. ಚೆನ್ನಾಗಿ ಬಂದಿದೆ."

11.40

ಕೇಳುತ್ತಿದ್ದೇನೆ. ಮೊದಲ ಅಂಗಿ ಮುಗಿಯಿತು. ಎರಡನೆಯದೂ. ಪ್ರತಿ ಅಳತೆಯನ್ನೂ ಎರಡೆರಡು ಸಲ ಹೇಳುತ್ತಾಳೆ. ಸಾಕಮ್ಮಾ... ಮೂರನೆಯದು. ಕಾಲರ್ ಹದಿನೈದೂವರೆ. ಹದಿನೈದೂವರೆ. ಟಕ್.

ಬರೀ ಗಾಳಿಯಂಥ ಸದ್ದು. ಕೋಟಿನ ಅಳತೆ ಹೋಗಿದೆ. ನಗು ಹೋಗಿದೆ. ಬಾಗಿಲ ಸದ್ದೂ ಹೋಗಿದೆ. ಉಳಿದಿದ್ದರೆ ಅಕ್ಕನ ಪಾಠವೊಂದೇ. ತಿರುಗುತ್ತಿದೆ ಇನ್ನೂ. ಯಾರೋ ಉಸಿರೆಳೆದುಕೊಂಡರು — ಮಾತು ಶುರು ಮಾಡುವ ಮುಂಚೆ ಎಳೆದುಕೊಳ್ಳುತ್ತಾರಲ್ಲ, ಹಾಗೆ —