ಅಳಿಸಿಹೋದ ನಾಲ್ಕು ಗೋಲು

ಥಾರ್ನ್‌ಮೂರ್
ಮಂಗಳವಾರ, 9 ಮಾರ್ಚ್ 1993

ಪ್ರೀತಿಯ ಲಿನೆಟ್,

ನಿನ್ನ ಅಕ್ಕನ ಮನೆಯ ವಿಳಾಸ ಬರೆಯುವಾಗ ಇವತ್ತೂ ಕೈ ಹಿಂಜರಿಯಿತು. ನೀನೂ ಮಗಳು ಬ್ರೈಯೊನಿಯೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಚೆನ್ನಾಗಿಲ್ಲ. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಈ ಪತ್ರ ಶುರು ಮಾಡಿದ ಮೇಲೆ ಮೂರು ಸಲ ಎದ್ದು ಟೀಗೆ ನೀರಿಟ್ಟೆ, ಒಂದು ಸಲವೂ ಕುಡಿಯಲಿಲ್ಲ.

ಹ್ಯಾಲ್ಸ್‌ಬೆಕ್ ರೋವರ್ಸ್ ಕ್ಲಬ್ಬು ಬಾಗಿಲು ಹಾಕಿತು. ವಾರವೆಲ್ಲ ಗಾರೆ ಕೆಲಸ ಮಾಡಿ ಶನಿವಾರ ಬೂಟು ಕಟ್ಟುವ ನಮ್ಮಂಥವರ ಫುಟ್‌ಬಾಲ್ ಲೀಗಿನಲ್ಲಿ ಇದೇನೂ ಹೊಸದಲ್ಲ. ಆದರೆ ಸೀಸನ್ನಿನ ನಡುವೆ ಕ್ಲಬ್ಬು ಮುಚ್ಚಿದರೆ ಅದರ ಆಟಗಳನ್ನೆಲ್ಲ ಲೀಗಿನವರು ದಾಖಲೆಯಿಂದ ಹೊಡೆದುಹಾಕುತ್ತಾರೆ. ಅಕ್ಟೋಬರಿನಲ್ಲಿ ಅವರ ಮೇಲೆ ನಾನು ಹೊಡೆದ ನಾಲ್ಕು ಗೋಲೂ ಹೋದವು. ಯಾವ ನಾಲ್ಕು ಎಂದು ನಿನಗೆ ಗೊತ್ತು. ನಿಮ್ಮಪ್ಪನನ್ನು ಮಣ್ಣು ಮಾಡಿದ ದಿನದವು.

ಮೇಸ್ತ್ರಿ ರಜೆ ಕೊಡಲಿಲ್ಲ ಎಂದು ನಿನಗೆ ಹೇಳಿ, ಗಾರೆ ಮೆತ್ತಿದ ಬಟ್ಟೆಯಲ್ಲೇ ಹೊರಬಿದ್ದು, ಮಧ್ಯಾಹ್ನ ಒಂದೂವರೆಗೆ ತಂಡದ ಬಸ್ಸು ಹತ್ತಿದೆ. ವಾರದ ನಡುವಿನ ರಾತ್ರಿಯ ಆಟ, ನೂರಹತ್ತು ಮೈಲಿ ದೂರ. ನೋಡಲು ಬಂದವರು ನೂರನಲವತ್ತು ಜನ, ಒಂದು ನಾಯಿ. ಅಂಥ ಆಟವನ್ನು ಜನ್ಮದಲ್ಲೇ ಆಡಿರಲಿಲ್ಲ. ಶುಕ್ರವಾರದ ಪತ್ರಿಕೆಯಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು. ನೀನು ಅದನ್ನು ಓದಿ, ಮಡಿಸಿ, ನನ್ನ ತಟ್ಟೆಯ ಪಕ್ಕ ಇಟ್ಟು ಹೇಳಿದ್ದು ಇಷ್ಟೇ: "ಆಡಕ್ಕೆ ಹೋಗಿದ್ದಕ್ಕಲ್ಲ ಟ್ರೆವರ್. ಹೋಗ್ತೀನಿ ಅಂದಿದ್ರೆ ಜಗಳ ಆಡಿ ಸುಮ್ನಾಗ್ತಿದ್ದೆ. ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ಯಲ್ಲ." ಮರುದಿನವೇ ಬ್ರೈಯೊನಿಯನ್ನು ಕರೆದುಕೊಂಡು ನೀನು ಅಕ್ಕನ ಮನೆಗೆ ಹೊರಟೆ.

ಜನವರಿಯಲ್ಲಿ ನನ್ನ ಗೋಲು ಇನ್ನೂರ ಮೂವತ್ತಮೂರಾದವು, ಕಟುಕ ಪಿಕರ್ಸ್‌ಗಿಲ್‌ನ ಹಳೆಯ ದಾಖಲೆಗಿಂತ ಎರಡು ಹೆಚ್ಚು. ಕ್ಲಬ್ಬಿನವರು ನನ್ನ ಅಂಗಿಗೆ ಚೌಕಟ್ಟು ಹಾಕಿಸಿ ಕೊಟ್ಟರು. ಇನ್ನು ಬೂಟು ಬಿಚ್ಚಿಟ್ಟೆ ಎಂದು ನಿನಗೆ ಬರೆದೆ. ಹಾಗಾದರೆ ಈಸ್ಟರಿಗೆ ಮನೆಗೆ ಬರುತ್ತೇವೆ ಎಂದು ನೀನು ಬರೆದೆ. ಅಷ್ಟು ಸಂತೋಷ ನನಗೆ ಯಾವ ಗೋಲಿನಿಂದಲೂ ಆಗಿರಲಿಲ್ಲ.

ಈಗ ನನ್ನದು ಇನ್ನೂರ ಇಪ್ಪತ್ತೊಂಬತ್ತು. ಕಾರ್ಯದರ್ಶಿ ಕ್ಲಿಫ್ ಚೌಕಟ್ಟು ವಾಪಸ್ ಕೇಳಲು ಬಂದಿದ್ದ. ಪಾಪ, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಪಿಕರ್ಸ್‌ಗಿಲ್ ಮೊಮ್ಮಗಳೇ ನಮ್ಮಲ್ಲಿ ಟೀ ಮಾರೋದು ಕಣಯ್ಯಾ. ವಾರವಾರ ಅವಳಿಗೆ ಮುಖ ತೋರಿಸ್ಬೇಕಲ್ಲ ನಾನು," ಎಂದ. ಶನಿವಾರ ಮಂಡಿಗೆ ಪಟ್ಟಿ ಸುತ್ತಿಕೊಂಡು ಆಟ ನೋಡಲು ಹೋದರೆ ಮೈದಾನದ ಕಟಕಟೆಗೆ ಒರಗಿದ ಮುದುಕರು ಗೋಲು ಕಳುವಾದದ್ದಕ್ಕೆ ಪೊಲೀಸರಿಗೆ ದೂರು ಕೊಟ್ಟೆಯಾ ಎಂದು ಕೇಳಿದರು. ನಾನೂ ನಕ್ಕೆ.

ಆದರೆ ತಲೆಯಲ್ಲಿ ಒಂದೇ ಕೊರೆತ. ಲೀಗಿನ ಪ್ರಕಾರ ಆ ಆಟ ನಡೆದೇ ಇಲ್ಲ. ಹಾಗಾದರೆ ಆವತ್ತು ನಾನೆಲ್ಲಿದ್ದೆ? ಚರ್ಚಿನಲ್ಲಂತೂ ಇರಲಿಲ್ಲ. ನಿಮ್ಮಪ್ಪನ ಪೆಟ್ಟಿಗೆಗೆ ನಾನು ಕೊಡಬೇಕಾದ ಹೆಗಲನ್ನು ಪಕ್ಕದ ಮನೆಯವನು ಕೊಟ್ಟನಂತೆ. ಮೊದಲ ಬಾರಿ ನನ್ನ ಆಟ ನೋಡಲು ಮಳೆಯಲ್ಲಿ ನಿಂತವರು ನಿಮ್ಮಪ್ಪನೇ. ನನಗೆ ನಾಚಿಕೆಯಾಗುತ್ತದೆ, ಲಿನೆಟ್.

ಮುಂದಿನ ಸೀಸನ್ನಿಗೆ ಸಹಿ ಹಾಕು, ಮೂರೇ ಗೋಲು ಸಾಕು ಎಂದು ಕ್ಲಿಫ್ ಗಂಟುಬಿದ್ದ. ಮೂವತ್ತಾರು ವರ್ಷದ ಮಂಡಿ ಇದು, ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ನೀನು ನಿಶ್ಚಿಂತೆಯಿಂದ ಬಾ. ಬ್ರೈಯೊನಿಯ ಕೋಣೆಗೆ ಹಳದಿ ಬಣ್ಣ ಹೊಡೆದಿದ್ದೇನೆ.

ಇಂತಿ, ನಿನ್ನ ದಾರಿ ಕಾಯುತ್ತಿರುವ
ಟ್ರೆವರ್

ಮರೆಯುವ ಮುನ್ನ: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸ್ ಬಂದು, ಲಕೋಟೆ ಹರಿದು ಬರೆಯುತ್ತಿದ್ದೇನೆ. ಕ್ಲಿಫ್‌ಗೆ ಆಗುವುದಿಲ್ಲ ಎಂದೆ ಅಂತ ಬರೆದದ್ದು ಸುಳ್ಳು. ಕಳೆದ ಗುರುವಾರವೇ ಸಹಿ ಹಾಕಿದ್ದೇನೆ, ಆಗಸ್ಟಿನಲ್ಲಿ ಆಡುತ್ತೇನೆ. ಸಿಕ್ಕಿಬೀಳುವ ಮೊದಲೇ ನಿನಗೆ ನಿಜ ಹೇಳುತ್ತಿರುವುದು ಮದುವೆಯಾದ ಮೇಲೆ ಇದೇ ಮೊದಲು. ಬರುವುದು ಬಿಡುವುದು ಈಗ ನಿನಗೆ ಬಿಟ್ಟದ್ದು. ನಾನಂತೂ ಸ್ಟೇಷನ್ನಿಗೆ ಬಂದು ನಿಂತಿರುತ್ತೇನೆ.